ಫೋನು, ಲ್ಯಾಪ್‌ಟಾಪು, ಶಾಲೆಯ ಕಂಪ್ಯೂಟರ್: ಮೂರೂ ಕಡೆ ಒಂದೇ ನೋಟ್ಸ್ ಇರಬೇಕು, ಯಾವ ಆ್ಯಪ್ ಹಾಕಲಿ?

ಘಟ್ಟದ_ಮೇಷ್ಟ್ರು
ನಮಸ್ಕಾರ. ಶಿರಸಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕೈಯಲ್ಲಿ ಆಂಡ್ರಾಯ್ಡ್ ಫೋನು, ಮನೆಯಲ್ಲಿ ವಿಂಡೋಸ್ ಲ್ಯಾಪ್‌ಟಾಪು, ಶಾಲೆಯಲ್ಲಿ ಎಲ್ಲರೂ ಮುಟ್ಟುವ ಒಂದು ಕಂಪ್ಯೂಟರ್. ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆ, ತೋಟದ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಫೋಟೋ ಎಲ್ಲ ಮೂರು ಕಡೆ ಹಂಚಿಹೋಗಿವೆ. ಸದ್ಯಕ್ಕೆ ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸಿಕೊಳ್ಳುತ್ತಿದ್ದೇನೆ. ಅದರಲ್ಲಿ ಹೊಸ ಪ್ರತಿ ಯಾವುದು, ಹಳೆಯದು ಯಾವುದು ಅಂತ ತಿಳಿಯುವುದೇ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಹಾಗಾಗಿ ನೆಟ್ ಇಲ್ಲದಿದ್ದರೂ ಎಲ್ಲ ತೆರೆಯಬೇಕು. ಒಂದು ಸಲ ದುಡ್ಡು ಕೊಡುವುದಕ್ಕೆ ಅಡ್ಡಿಯಿಲ್ಲ, ತಿಂಗಳು ತಿಂಗಳು ಕಟ್ಟುವುದು ಬೇಡ. ಯಾವ ಆ್ಯಪ್ ಹಾಕಲಿ?

ಕೀಬೋರ್ಡ್_ಕಿಟ್ಟಿ
ಮೇಷ್ಟ್ರೇ, ಆ್ಯಪ್ ಯಾವುದು ಅಂತ ಆಮೇಲೆ ನೋಡೋಣ. ಮೊದಲು ನಿಮ್ಮ ಟಿಪ್ಪಣಿ ಯಾವ ರೂಪದಲ್ಲಿ ಇರುತ್ತದೆ ಅಂತ ತೀರ್ಮಾನ ಮಾಡಿ. ಮಾಮೂಲಿ ಫೈಲ್ ಆಗಿ ಒಂದು ಫೋಲ್ಡರಿನಲ್ಲಿ ಇದ್ದರೆ ನಾಳೆ ಯಾವ ಕಂಪನಿ ಏನು ಮಾಡಿದರೂ ಫೋಲ್ಡರ್ ಎತ್ತಿಕೊಂಡು ಇನ್ನೊಂದು ಕಡೆ ಹೋಗಬಹುದು. ಆ್ಯಪ್ ಒಳಗಡೆಯೇ ಸಿಕ್ಕಿಕೊಂಡಿದ್ದರೆ ಅವರು ಹೇಳಿದ ಹಾಗೆ ಕೇಳಬೇಕು.

ಇನ್ನು ಗೂಗಲ್ ಡ್ರೈವ್. 15 ಜಿಬಿ ಉಚಿತ, ಆದರೆ ಜಿಮೇಲ್, ಫೋಟೋಸ್, ಡ್ರೈವ್ ಮೂರಕ್ಕೂ ಸೇರಿ ಅದೊಂದೇ 15. ಈಗ ಆಂಡ್ರಾಯ್ಡಿನ ವಾಟ್ಸಾಪ್ ಬ್ಯಾಕಪ್ ಕೂಡ ಅದರಲ್ಲೇ ಲೆಕ್ಕ. ಮನೆಮಂದಿಯ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳೇ ಅರ್ಧ ತಿಂದಿರುತ್ತವೆ, ಒಮ್ಮೆ ನೋಡಿ. ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಲ್ಯಾಪ್‌ಟಾಪಿನ ಡ್ರೈವ್ ತಂತ್ರಾಂಶ ಫೋಲ್ಡರನ್ನು ತಾನಾಗಿಯೇ ಸಿಂಕ್ ಮಾಡುತ್ತದೆ, ಅಂದರೆ ಎರಡೂ ಕಡೆ ಒಂದೇ ಥರ ಇಡುತ್ತದೆ, ಆದರೆ ಫೋನಿನ ಡ್ರೈವ್ ಆ್ಯಪ್ ಹಾಗೆ ಮಾಡುವುದಿಲ್ಲ. ಅದು ಬರೀ ಕಿಟಕಿ. ಬೇಕಾದ ಫೈಲಿಗೆ ಆಫ್‌ಲೈನ್ ಅಂತ ಗುರುತು ಹಾಕಿದರೆ ಮಾತ್ರ ನೆಟ್ ಇಲ್ಲದಾಗ ತೆರೆಯುತ್ತದೆ.

ಹುಬ್ಬಳ್ಳಿ_ಲೆಕ್ಕ
ಕಿಟ್ಟಿ ಅವರು ಶುರು ಮಾಡಿದರು ನೋಡ್ರಿ. ಸರ್, ಸುಮ್ನೆ ಗೂಗಲ್ ಕೀಪ್ ಹಾಕ್ಕೊಳ್ಳಿ. ನಾನು ಅಂಗಡಿಗಳ ಲೆಕ್ಕ ಬರೆಯೋಳು, ಪಾರ್ಟಿ ಹೇಳಿದ್ದು, ಬಾಕಿ, ಜಿಎಸ್‌ಟಿ ತಾರೀಕು ಎಲ್ಲ ಅದರಲ್ಲೇ. ನೆಟ್ ಇಲ್ಲದಾಗ ಬರೆದಿದ್ದು ನೆಟ್ ಬಂದಾಗ ತಾನೇ ಹೋಗುತ್ತದೆ. ಮಾತಾಡಿದರೆ ಕನ್ನಡದಲ್ಲಿ ಟೈಪ್ ಆಗುತ್ತದೆ. ಎಲ್ಲರಿಗೂ ಫೋಲ್ಡರು, ರೂಪ, ಸ್ವಾತಂತ್ರ್ಯ ಅಂತ ಭಾಷಣ ಬೇಕಾಗಿಲ್ಲ, ಅಲ್ವಾ?

ಕೀಬೋರ್ಡ್_ಕಿಟ್ಟಿ
ಮೇಡಂ, ಬಾಕಿ ಬರೆಯೋದಕ್ಕೆ ಕೀಪ್ ಚೆನ್ನಾಗಿದೆ, ಒಪ್ಪಿದೆ. ಮೇಷ್ಟ್ರು ಕೇಳಿದ್ದು ಹತ್ತು ವರ್ಷ ಇಟ್ಟುಕೊಳ್ಳುವ ಪಾಠದ ಟಿಪ್ಪಣಿ. ಕೀಪಿನಿಂದ ಎಲ್ಲ ಒಟ್ಟಿಗೆ ಹೊರಗೆ ತೆಗೆಯಬೇಕಾದರೆ ಗೂಗಲ್ ಟೇಕ್‌ಔಟ್ ಹತ್ತಿರ ಹೋಗಬೇಕು, ಬರುವುದು ಎಚ್‌ಟಿಎಂಎಲ್ ಮತ್ತು ಜೇಸನ್ ಫೈಲುಗಳ ರಾಶಿ. ಅದನ್ನು ಓದಬಹುದು, ಆದರೆ ಮುಂದುವರಿಸಿ ಬರೆಯುವುದು ಕಷ್ಟ.

ಹಳೇ_ಟಿಪ್ಪಣಿ
ನಾನು ಎವರ್‌ನೋಟ್ ಕಾಲದವನು, ಅದಕ್ಕೇ ಹೇಳುತ್ತೇನೆ. ಒಂದು ಕಾಲಕ್ಕೆ ನೋಟ್ಸ್ ಅಂದರೆ ಎವರ್‌ನೋಟ್, ಬೇರೆ ಹೆಸರೇ ಇರಲಿಲ್ಲ. 2016ರಲ್ಲಿ ಉಚಿತ ಖಾತೆಗೆ ಎರಡೇ ಸಾಧನ ಅಂದರು. ಸರಿ, ಫೋನು ಮತ್ತು ಕಂಪ್ಯೂಟರ್, ಸಾಕು ಅಂದುಕೊಂಡೆವು. 2023ರ ಶುರುವಿನಲ್ಲಿ ಅದು ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯ ಕೈಗೆ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಉಚಿತ ಖಾತೆಗೆ 50 ನೋಟು, ಒಂದು ನೋಟ್‌ಬುಕ್ ಅಂತ ಮಿತಿ ಹಾಕಿದರು. ಹಳೆಯ ನೋಟುಗಳನ್ನು ಓದಬಹುದು, ತಿದ್ದಬಹುದು, ಹೊರಗೂ ತೆಗೆಯಬಹುದು. ಆದರೆ ಮಿತಿ ದಾಟಿದವರು ಹೊಸದೊಂದು ಬರೆಯುವ ಹಾಗಿಲ್ಲ.

ಡ್ರಾಪ್‌ಬಾಕ್ಸ್ ಕಥೆಯೂ ಹೆಚ್ಚು ಬೇರೆ ಇಲ್ಲ. ಉಚಿತ ಜಾಗ 2 ಜಿಬಿ, 2019ರಿಂದ ಮೂರು ಸಾಧನ ಮಾತ್ರ. ಕಂಪನಿಗಳನ್ನು ಬೈದು ಪ್ರಯೋಜನ ಇಲ್ಲ, ಸರ್ವರ್ ಪುಕ್ಕಟೆ ನಡೆಯುವುದಿಲ್ಲ. ನಿಯಮ ಬದಲಾದ ದಿನ ನಮ್ಮ ಹತ್ತಿರ ಏನು ಉಳಿಯುತ್ತದೆ ಅನ್ನೋದನ್ನು ಮಾತ್ರ ನೋಡಿಕೊಳ್ಳಬೇಕು. ನಾನು ಎವರ್‌ನೋಟಿನಿಂದ ಇನೆಕ್ಸ್ ಫೈಲ್ (ಅದು ನೋಟುಗಳನ್ನು ಹೊರಗೆ ಕೊಡುವ ರೂಪ) ತೆಗೆದು ಜಾಪ್ಲಿನ್ ಅನ್ನುವ ನೋಟ್ಸ್ ಆ್ಯಪಿಗೆ ತಂದೆ. ಅದು ನೇರವಾಗಿ ಓದಿಕೊಂಡಿತು. ಆಬ್ಸಿಡಿಯನ್ ಅನ್ನುವ ಇನ್ನೊಂದು ಆ್ಯಪಿಗೂ ಹೀಗೆ ಒಳಗೆ ತರಲು ಇಂಪೋರ್ಟರ್ ಅಂತ ಒಂದು ಪ್ಲಗಿನ್ ಇದೆ.

ಘಟ್ಟದ_ಮೇಷ್ಟ್ರು
ಜಾಪ್ಲಿನ್, ಆಬ್ಸಿಡಿಯನ್ ಎರಡರಲ್ಲಿ ವ್ಯತ್ಯಾಸ ಏನು? ಎರಡೂ ಉಚಿತ ಅಂತ ತೋರಿಸುತ್ತಿದೆ.

ಹಳೇ_ಟಿಪ್ಪಣಿ
ಜಾಪ್ಲಿನ್ ಮುಕ್ತ ತಂತ್ರಾಂಶ, ಅಂದರೆ ಅದರ ಮೂಲ ಕೋಡ್ ಯಾರು ಬೇಕಾದರೂ ನೋಡಬಹುದು. ಡ್ರಾಪ್‌ಬಾಕ್ಸ್, ಒನ್‌ಡ್ರೈವ್, ನೆಕ್ಸ್ಟ್‌ಕ್ಲೌಡ್ ಯಾವುದರ ಮೂಲಕ ಬೇಕಾದರೂ ಸಿಂಕ್ ಆಗುತ್ತದೆ. ಬೇಕಿದ್ದರೆ ಎಲ್ಲವನ್ನೂ ಫೋನಿನಲ್ಲೇ ಬೀಗ ಹಾಕಿ ಕಳಿಸುತ್ತದೆ, ಜಾಗ ಕೊಟ್ಟ ಕಂಪನಿಗೂ ಓದಲು ಬರುವುದಿಲ್ಲ. ಆದರೆ ನೋಟುಗಳು ಅದರ ಡೇಟಾಬೇಸಿನೊಳಗೆ ಇರುತ್ತವೆ, ನೀವು ಹೊರಗೆ ತೆಗೆಯಬೇಕು. ಆಬ್ಸಿಡಿಯನ್ ಮುಕ್ತ ತಂತ್ರಾಂಶ ಅಲ್ಲ, ಆದರೆ ಒಂದೊಂದು ನೋಟೂ ಒಂದೊಂದು ಸಾದಾ ಪಠ್ಯ ಫೈಲ್, ನಿಮ್ಮದೇ ಫೋಲ್ಡರಿನಲ್ಲಿ. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ. ಅವರ ಸಿಂಕ್ ಸೇವೆಗೆ ದುಡ್ಡು, ಅದನ್ನು ತೆಗೆದುಕೊಳ್ಳಲೇಬೇಕು ಅಂತಿಲ್ಲ. ನೀವು ಕಿಟ್ಟಿ ಹೇಳಿದ ದಾರಿಯಲ್ಲಿ ಹೋಗುವುದಾದರೆ ಆಬ್ಸಿಡಿಯನ್.

ಮ್ಯೂನಿಕ್_ಮಂಜ
ಜರ್ಮನಿಯಿಂದ ನಮಸ್ಕಾರ, ಊರು ತೀರ್ಥಹಳ್ಳಿ. ಕ್ಲೌಡೇ ಬೇಡ ಅಂತ ಯಾಕೆ ಯಾರೂ ಹೇಳುತ್ತಿಲ್ಲ? ಸಿಂಕ್‌ಥಿಂಗ್ ಹಾಕಿ. ಫೋನು ಮತ್ತು ಲ್ಯಾಪ್‌ಟಾಪು ನೇರವಾಗಿ ಮಾತಾಡಿಕೊಳ್ಳುತ್ತವೆ, ನಡುವೆ ಯಾರ ಸರ್ವರಿನಲ್ಲೂ ನಿಮ್ಮ ಫೈಲ್ ಕೂರುವುದಿಲ್ಲ. ಒಂದೇ ವೈಫೈಯಲ್ಲಿದ್ದರೆ ಇಂಟರ್ನೆಟ್ ಕೂಡ ಬೇಡ. ನಿಮ್ಮ ಕಡೆ ಟವರ್ ಹೋದರೂ ಮನೆಯ ರೂಟರ್ ಇನ್ವರ್ಟರಿನಲ್ಲಿ ನಡೆಯುತ್ತಿದ್ದರೆ ಸಾಕು, ಸಿಂಕ್ ಆಗುತ್ತದೆ. ಮಲೆನಾಡಿಗೆ ಇದಕ್ಕಿಂತ ಬೇರೆ ಏನು ಬೇಕು?

ಒಂದು ಎಚ್ಚರ. ಆಂಡ್ರಾಯ್ಡಿಗಿದ್ದ ಅಧಿಕೃತ ಆ್ಯಪ್ 2024ರ ಡಿಸೆಂಬರಿಗೆ ನಿಂತುಹೋಯಿತು. ಪ್ಲೇ ಸ್ಟೋರಿನ ತಕರಾರು ಒಂದು ಕಡೆ, ನೋಡಿಕೊಳ್ಳುವವರಿಗೆ ಸಮಯ ಇಲ್ಲದ್ದು ಇನ್ನೊಂದು ಕಡೆ. ಅದೇ ಕೋಡಿನಿಂದ ಬೇರೆಯವರು ಮಾಡಿದ ಕವಲು ಸಿಂಕ್‌ಥಿಂಗ್-ಫೋರ್ಕ್ ಅಂತ ಇದೆ, ಜನ ಅದನ್ನೇ ಬಳಸುತ್ತಾರೆ. ಮತ್ತೆ ಎರಡೂ ಸಾಧನ ಒಂದೇ ಹೊತ್ತಿಗೆ ಆನ್ ಇರಬೇಕು. ಲ್ಯಾಪ್‌ಟಾಪ್ ಮುಚ್ಚಿಟ್ಟು ಫೋನಿನಲ್ಲಿ ಬಂದಿಲ್ಲ ಅಂದರೆ ಆಗುವುದಿಲ್ಲ.

ಕೀಬೋರ್ಡ್_ಕಿಟ್ಟಿ
ಮಂಜಣ್ಣ, ಮೇಷ್ಟ್ರ ಶಾಲೆಯ ಕಂಪ್ಯೂಟರ್ ಮರೆತಿರಾ? ಅದರಲ್ಲಿ ಸಿಂಕ್‌ಥಿಂಗ್ ಹಾಕಿದರೆ ಅವರ ತೋಟದ ಲೆಕ್ಕ ಇಡೀ ಸ್ಟಾಫ್ ರೂಮಿಗೆ ಸಿಂಕ್ ಆಗುತ್ತದೆ.

ಶಾಲೆಯ ಕಂಪ್ಯೂಟರಿನಲ್ಲಿ ಯಾವ ಸಿಂಕ್ ತಂತ್ರಾಂಶವೂ ಬೇಡ ಮೇಷ್ಟ್ರೇ. ಅಲ್ಲಿಗೆ ಬೇಕಾಗುವುದು ಪ್ರಿಂಟ್ ಹೊಡೆಯುವ ಪ್ರಶ್ನೆಪತ್ರಿಕೆ ಮಾತ್ರ ಅಲ್ವಾ? ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ಡ್ರೈವ್ ತೆರೆದು, ಪಿಡಿಎಫ್ ಇಳಿಸಿ, ಪ್ರಿಂಟ್ ತೆಗೆದು, ಇಳಿಸಿದ್ದನ್ನು ಅಳಿಸಿ, ಕಿಟಕಿ ಮುಚ್ಚಿ. ಪೆನ್ ಡ್ರೈವ್ ಆ ಕಂಪ್ಯೂಟರಿಗೆ ಚುಚ್ಚುವುದು ಕಡಿಮೆ ಮಾಡಿ. ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುವ ವೈರಸ್ ಇವತ್ತಿಗೂ ಶಾಲೆ, ಸೈಬರ್ ಸೆಂಟರುಗಳಲ್ಲಿ ತಿರುಗಾಡುತ್ತಿದೆ.

ಹುಬ್ಬಳ್ಳಿ_ಲೆಕ್ಕ
ಪೆನ್ ಡ್ರೈವ್ ಅಂದಾಗ ನೆನಪಾಯಿತು. ಗೂಗಲ್ ಡಾಕ್ಸಿನಲ್ಲಿ ಬರೆದಿದ್ದನ್ನು ಲ್ಯಾಪ್‌ಟಾಪಿನ ಡ್ರೈವ್ ಫೋಲ್ಡರಿನಿಂದ ಪೆನ್ ಡ್ರೈವಿಗೆ ಕಾಪಿ ಮಾಡಿದರೆ ಏನೂ ಬರುವುದಿಲ್ಲ ರೀ. ಅಲ್ಲಿ ಇರುವುದು ಬರೀ ಒಂದು ಕೊಂಡಿ, ಒಂದು ಕೆಬಿಯದು. ನಮ್ಮ ಒಬ್ಬ ಪಾರ್ಟಿ ವರ್ಷದ ಲೆಕ್ಕ ಕಾಪಿ ಮಾಡಿಟ್ಟಿದ್ದೇನೆ ಅಂತ ಧೈರ್ಯವಾಗಿದ್ದರು, ತೆರೆದು ನೋಡಿದರೆ ಕೊಂಡಿ. ಪುಣ್ಯಕ್ಕೆ ಮೂಲ ಹಾಗೇ ಇತ್ತು. ಡೌನ್‌ಲೋಡ್ ಅಂತ ಒತ್ತಿ ವರ್ಡ್ ಅಥವಾ ಎಕ್ಸೆಲ್ ರೂಪದಲ್ಲಿ ಇಳಿಸಿಕೊಳ್ಳಬೇಕು.

ಘಟ್ಟದ_ಮೇಷ್ಟ್ರು
ಇಷ್ಟೊಂದು ಗೊತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಒನ್‌ಡ್ರೈವ್ ಮೊದಲೇ ಇದೆ, ಡಾಕ್ಯುಮೆಂಟ್ಸ್ ಫೋಲ್ಡರ್ ಅದರೊಳಗೇ ಹೋಗಿ ಕೂತಿದೆ, ನಾನು ಹೇಳಿದ್ದಲ್ಲ. ಕೆಲವು ಫೈಲುಗಳ ಪಕ್ಕ ಮೋಡದ ಚಿತ್ರ. ಮೊನ್ನೆ ನೆಟ್ ಇಲ್ಲದಾಗ ಅವು ತೆರೆಯಲೇ ಇಲ್ಲ.

ಕೀಬೋರ್ಡ್_ಕಿಟ್ಟಿ
ಮೋಡ ಇದ್ದರೆ ಫೈಲ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇಲ್ಲ, ಹೆಸರು ಮಾತ್ರ ಇದೆ. ಮುಟ್ಟಿದಾಗ ನೆಟ್‌ನಿಂದ ಇಳಿಯುತ್ತದೆ. ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ 'ಯಾವಾಗಲೂ ಈ ಸಾಧನದಲ್ಲಿ ಇರಲಿ' ಅನ್ನುವ ಆಯ್ಕೆ ಒತ್ತಿ, ಹಸಿರು ಗುರುತು ಬರುತ್ತದೆ. ಗೂಗಲ್ ಡ್ರೈವಿನ ಡೆಸ್ಕ್‌ಟಾಪ್ ತಂತ್ರಾಂಶದಲ್ಲೂ ಸ್ಟ್ರೀಮ್, ಮಿರರ್ ಅಂತ ಎರಡು ಬಗೆ ಇದೆ, ನಿಮಗೆ ಬೇಕಾದ್ದು ಮಿರರ್, ಅದರಲ್ಲಿ ಫೈಲ್ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಒನ್‌ಡ್ರೈವ್ ಉಚಿತವಾಗಿ ಕೊಡುವುದು 5 ಜಿಬಿ, ಟಿಪ್ಪಣಿಗೆ ಧಾರಾಳ, ಫೋಟೋ ಹಾಕಿದರೆ ಮುಗಿಯಿತು.

ಫೋನಿನ ಕಡೆಗೆ ಫೋಲ್ಡರ್‌ಸಿಂಕ್ ಅಥವಾ ಆಟೋಸಿಂಕ್ ತರಹದ ಆ್ಯಪ್ ಹಾಕಿ. ಎರಡಕ್ಕೂ ಉಚಿತ ಆವೃತ್ತಿ ಇದೆ. ಫೋನಿನ ಒಂದು ಫೋಲ್ಡರನ್ನು ಡ್ರೈವಿನ ಒಂದು ಫೋಲ್ಡರಿಗೆ ಎರಡೂ ದಿಕ್ಕಿನಲ್ಲಿ ಜೋಡಿಸುತ್ತದೆ. ಆಬ್ಸಿಡಿಯನ್ ಆ ಫೋಲ್ಡರನ್ನೇ ತೆರೆಯಲಿ. ಮುಖ್ಯವಾಗಿ, ಆ ಆ್ಯಪಿಗೆ ಬ್ಯಾಟರಿ ಸೆಟ್ಟಿಂಗಿನಲ್ಲಿ ನಿರ್ಬಂಧ ತೆಗೆಯಿರಿ, ಆಟೋಸ್ಟಾರ್ಟ್ ಇದ್ದರೆ ಅದನ್ನೂ ಕೊಡಿ. ಇಲ್ಲದಿದ್ದರೆ ಫೋನ್ ಅದನ್ನು ಹಿನ್ನೆಲೆಯಲ್ಲಿ ಸಾಯಿಸಿಬಿಡುತ್ತದೆ, ನೀವು ಸಿಂಕ್ ಆಗಿದೆ ಅಂದುಕೊಂಡಿರುತ್ತೀರಿ.

ಚಿಲ್ಲರೆ_ಪ್ರಶ್ನೆ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹೀಗೆ ಮೂರು ಕಡೆ ಇದ್ದರೆ ಅದೇ ಬ್ಯಾಕಪ್ ಆಯಿತಲ್ವಾ?

ಮ್ಯೂನಿಕ್_ಮಂಜ
ಇಲ್ಲ ಗುರು. ಫೋನಿನಲ್ಲಿ ಅಳಿಸಿದರೆ ಲ್ಯಾಪ್‌ಟಾಪಿನಲ್ಲೂ ಅಳಿಯುತ್ತದೆ, ಸಿಂಕ್ ಅಂದರೇ ಅದು. ಮಗು ಫೋನ್ ಹಿಡಿದು ಒಂದು ಫೋಲ್ಡರ್ ಎಳೆದು ಕಸಕ್ಕೆ ಹಾಕಿದರೆ ಎಲ್ಲ ಕಡೆಯಿಂದಲೂ ಶಿಸ್ತಾಗಿ ಹೋಗುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿ 30 ದಿನ ಇಟ್ಟುಕೊಂಡು ಆಮೇಲೆ ಖಾಲಿ ಮಾಡುತ್ತದೆ. ಮೊದಲು ನಾವೇ ಖಾಲಿ ಮಾಡುವ ತನಕ ಇರುತ್ತಿತ್ತು, 2020ರ ಅಕ್ಟೋಬರಿನಿಂದ ಬದಲಾಯಿತು. ಅಳಿಸಿದ್ದು ಬೇಸಿಗೆ ರಜೆಯ ಶುರುವಿನಲ್ಲಿ, ಗೊತ್ತಾಗಿದ್ದು ಶಾಲೆ ತೆರೆದ ಮೇಲೆ ಅಂದರೆ ಗೋವಿಂದ. ಸಿಂಕ್‌ಥಿಂಗಿನಲ್ಲಿ ಹಳೆಯ ಪ್ರತಿ ಉಳಿಸುವ ಆಯ್ಕೆ ಇದೆ, ಆದರೆ ತಾನಾಗಿ ಆನ್ ಇರುವುದಿಲ್ಲ.

ಹಳೇ_ಟಿಪ್ಪಣಿ
ದೊಡ್ಡ ಕಂಪನಿ ಅಂದರೆ ಹೆದರಿಕೆ ಇಲ್ಲ ಅನ್ನುವವರಿಗೆ 2023ರ ನವೆಂಬರ್ ನೆನಪಿಸುತ್ತೇನೆ. ಗೂಗಲ್ ಡ್ರೈವಿನ ಡೆಸ್ಕ್‌ಟಾಪ್ ಆವೃತ್ತಿ 84 ಹಾಕಿಕೊಂಡಿದ್ದ ಕೆಲವರ ಫೈಲುಗಳು ಮಾಯವಾದವು, ತಿಂಗಳುಗಟ್ಟಲೆ ಹಿಂದಿನ ಸ್ಥಿತಿಗೆ ಹೋದವು ಅಂತ ಜನ ಬರೆದರು. ಖಾತೆಯನ್ನು ಡಿಸ್ಕನೆಕ್ಟ್ ಮಾಡಬೇಡಿ ಅಂತ ಗೂಗಲ್ ಮೊದಲು ಹೇಳಿತು, ಡಿಸೆಂಬರಿನಲ್ಲಿ ಮರಳಿ ತೆಗೆಯುವ ಸಾಧನ ಕೊಟ್ಟಿತು. ಹಾಗಾಗಿ ಒಂದು ಹಾರ್ಡ್‌ಡಿಸ್ಕ್ ತಗೊಳ್ಳಿ, ತಿಂಗಳಿಗೊಮ್ಮೆ ಫೋಲ್ಡರ್ ಕಾಪಿ ಮಾಡಿ, ತಂತಿ ಕಿತ್ತು ಬೀರುವಿನಲ್ಲಿಡಿ. ತಂತಿ ಕೀಳುವುದು ಮುಖ್ಯ, ಚುಚ್ಚಿಯೇ ಇಟ್ಟರೆ ವೈರಸ್ ಅದನ್ನೂ ತಿನ್ನುತ್ತದೆ.

ಘಟ್ಟದ_ಮೇಷ್ಟ್ರು
ಈ ಕಡೆ ಬಂದು ಸ್ವಲ್ಪ ದಿನವಾಯಿತು, ಕ್ಷಮಿಸಿ, ಪರೀಕ್ಷೆ ಕೆಲಸ. ಆಬ್ಸಿಡಿಯನ್, ಫೋಲ್ಡರ್‌ಸಿಂಕ್, ಡ್ರೈವ್ ಹಾಕಿದೆ. ಬಹುತೇಕ ಆಯಿತು. ಆದರೆ ವಿಚಿತ್ರ ನೋಡಿ, ಕೆಲವು ವರ್ಡ್ ಫೈಲುಗಳು ಲ್ಯಾಪ್‌ಟಾಪಿನಿಂದ ಡ್ರೈವಿಗೆ ಹೋಗಿವೆ, ಫೋನಿಗೆ ಮಾತ್ರ ಇಳಿಯುತ್ತಿಲ್ಲ. ಹೆಸರು ಉದ್ದವಾಯಿತು ಅಂತ ತಪ್ಪು ತೋರಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಅದೇ ಹೆಸರು ಆರಾಮಾಗಿ ಇದೆ. ಒಂದರ ಹೆಸರು: ಎಂಟನೇ ತರಗತಿ ಸಮಾಜ ವಿಜ್ಞಾನ ಮೊದಲ ಸಂಕಲನಾತ್ಮಕ ಮೌಲ್ಯಮಾಪನ ಪ್ರಶ್ನೆಪತ್ರಿಕೆ ಮತ್ತು ನೀಲನಕ್ಷೆ ಪರಿಷ್ಕೃತ ಪ್ರತಿ.

ಚಿಲ್ಲರೆ_ಪ್ರಶ್ನೆ
ಮೇಷ್ಟ್ರೇ, ಅದು ಫೈಲಿನ ಹೆಸರಾ, ಮೊದಲನೇ ಪ್ರಶ್ನೆಯಾ?

ಲಿಪಿಕಾರ
ನಾನು ಮೈಸೂರಿನಲ್ಲಿ ಡಿಟಿಪಿ ಮಾಡುವವನು, ಈ ರೋಗ ನನಗೆ ಚೆನ್ನಾಗಿ ಗೊತ್ತು. ಇದು ಕನ್ನಡದವರಿಗೇ ಜಾಸ್ತಿ ಕಚ್ಚುವ ತೊಂದರೆ, ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ ಗೊತ್ತೇ ಆಗುವುದಿಲ್ಲ.

ವಿಂಡೋಸ್ ಹೆಸರಿನ ಉದ್ದವನ್ನು ಅಕ್ಷರ ಸಂಕೇತದ ಲೆಕ್ಕದಲ್ಲಿ ಅಳೆಯುತ್ತದೆ, 255ರ ತನಕ ಬಿಡುತ್ತದೆ. ಆಂಡ್ರಾಯ್ಡ್ ಮತ್ತು ಲಿನಕ್ಸಿನಲ್ಲೂ ಮಿತಿ 255, ಆದರೆ ಅದು ಬೈಟಿನ ಲೆಕ್ಕ, ಅಂದರೆ ಅಕ್ಷರ ಹಿಡಿಯುವ ಜಾಗದ ಲೆಕ್ಕ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು. ಅಷ್ಟೇ ಅಲ್ಲ, ಕಣ್ಣಿಗೆ ಒಂದು ಅಕ್ಷರ ಅಂತ ಕಾಣುವುದರಲ್ಲಿ ಹಲವು ಸಂಕೇತ ಇರುತ್ತವೆ. 'ಪ್ರಶ್ನೆ' ನೋಡಿ, ನಮಗೆ ಎರಡೇ ಅಕ್ಷರ. ಒಳಗೆ ಪ, ವಿರಾಮ, ರ, ಶ, ವಿರಾಮ, ನ, ಎತ್ವ ಅಂತ ಏಳು ಸಂಕೇತ, 21 ಬೈಟ್. ನಿಮ್ಮ ಹೆಸರನ್ನು ಎಣಿಸಿದೆ. ಖಾಲಿ ಜಾಗ ಸೇರಿ 95 ಸಂಕೇತ, ಬೈಟ್ ಲೆಕ್ಕದಲ್ಲಿ 263. ವರ್ಡಿನ ಬಾಲ (.docx) ಸೇರಿದರೆ 268. ವಿಂಡೋಸಿಗೆ ಏನೂ ಅಲ್ಲ, ಫೋನಿಗೆ ಆಗುವುದಿಲ್ಲ. ಸುಮಾರು 80 ಸಂಕೇತ ದಾಟದ ಹಾಗೆ ಇಟ್ಟರೆ ಎಲ್ಲ ಕಡೆ ನಡೆಯುತ್ತದೆ. ಕನ್ನಡ ಬಿಡಬೇಕಾಗಿಲ್ಲ, ನೀಲನಕ್ಷೆ ಬಿಡಿ ಸಾಕು.

ಹಾಗೆಯೇ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಎರಡು ಚುಕ್ಕಿ, ಉದ್ಧರಣ ಚಿಹ್ನೆ ಹಾಕಬೇಡಿ. ಬೇರೆ ಸಾಧನದಲ್ಲಿ ಹಾಗೆ ಹೆಸರಿಟ್ಟರೆ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಮ್ಯೂನಿಕ್_ಮಂಜ
ಲಿಪಿಕಾರರೇ, ಒಂದು ಅನುಮಾನ. ನನ್ನ ಹಳೇ ಮ್ಯಾಕಿನಿಂದ ತಂದ ಫೋಲ್ಡರಿನಲ್ಲಿ 'ಮೊದಲ ಕರಡು' ಅಂತ ಎರಡು ಫೈಲ್ ಇವೆ. ಹೆಸರು ಅಚ್ಚು ಒಂದೇ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಹೇಗೆ ಸಾಧ್ಯ?

ಲಿಪಿಕಾರ
ಒಂದೇ ಅಲ್ಲ, ಒಂದೇ ಥರ ಕಾಣುತ್ತಿವೆ. ಯೂನಿಕೋಡಿನಲ್ಲಿ, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿಯಲ್ಲಿ, ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ಊತ್ವ ಎರಡು ಸೇರಿಸಿಯೂ ಬರೆಯಬಹುದು. ಈ, ಏ, ಐ, ಓ ಗುಣಿತಗಳಿಗೂ ಹೀಗೇ. ಹಳೇ ಮ್ಯಾಕ್‌ಗಳ ಕಡತ ವ್ಯವಸ್ಥೆ ಹೆಸರನ್ನು ಬಿಡಿಸಿ ಇಟ್ಟುಕೊಳ್ಳುತ್ತಿತ್ತು. 2017ರಲ್ಲಿ ಬಂದ ಹೊಸದು ಕೊಟ್ಟ ಹಾಗೆ ಇಟ್ಟುಕೊಳ್ಳುತ್ತದೆ. ಆಂಡ್ರಾಯ್ಡ್ ಮತ್ತು ಲಿನಕ್ಸಿಗೆ ಇವು ಎರಡು ಬೇರೆ ಹೆಸರುಗಳು. ಸಿಂಕ್‌ಥಿಂಗ್ ಇದನ್ನು ಸರಿಪಡಿಸಲು ನೋಡುತ್ತದೆ, ಎಲ್ಲ ಆ್ಯಪ್ ನೋಡುವುದಿಲ್ಲ. ಒಂದನ್ನು ತೆರೆದು ಯಾವುದು ಹೊಸದು ಅಂತ ನೋಡಿ, ಇನ್ನೊಂದರ ಹೆಸರು ಬದಲಾಯಿಸಿ.

ಇದರ ತಮ್ಮ ಇನ್ನೊಬ್ಬ ಇದ್ದಾನೆ. ಕೆಲವು ಕನ್ನಡ ಕೀಬೋರ್ಡುಗಳು 'ಬ್ಯಾಂಕ್' ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕಾಣದ ಒಂದು ಸಂಕೇತ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಅದಕ್ಕೇ ಲ್ಯಾಪ್‌ಟಾಪಿನಲ್ಲಿ ಬರೆದ ಪದ ಫೋನಿನಲ್ಲಿ ಹುಡುಕಿದರೆ ಕೆಲವೊಮ್ಮೆ ಸಿಗುವುದಿಲ್ಲ. ಪದದ ಮೊದಲ ಭಾಗ ಮಾತ್ರ ಹಾಕಿ ಹುಡುಕಿ.

ಘಟ್ಟದ_ಮೇಷ್ಟ್ರು
ಹೆಸರು ಚಿಕ್ಕದು ಮಾಡಿದೆ, ಎಲ್ಲ ಇಳಿದವು! ಆದರೆ ಹಳೇ ಪ್ರಶ್ನೆಪತ್ರಿಕೆಗಳು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದವು. ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲ ಕಲಸಿದ ಹಾಗೆ ಬರುತ್ತದೆ.

ಲಿಪಿಕಾರ
ಅದು ಬರಲೇಬೇಕು. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಕನ್ನಡದ ವೇಷ ಹಾಕಿಸುವುದು ಫಾಂಟು. ಫೋನಿನಲ್ಲಿ ಆ ಫಾಂಟು ಇಲ್ಲ, ವೇಷ ಕಳಚಿತು. ಬರೀ ನೋಡುವುದಕ್ಕೆ, ಪ್ರಿಂಟಿಗೆ ಆದರೆ ಲ್ಯಾಪ್‌ಟಾಪಿನಲ್ಲಿ ತೆರೆದು ಪಿಡಿಎಫ್ ಮಾಡಿ, ಫಾಂಟು ಅದರೊಳಗೇ ಸೇರುತ್ತದೆ. ಹುಡುಕಬೇಕು, ತಿದ್ದಬೇಕು ಅಂದರೆ ಯೂನಿಕೋಡಿಗೆ ಬದಲಾಯಿಸಲೇಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮಾಡಿದ ಮೇಲೆ ಮೂರು ಜಾಗ ನೋಡಿ: ಅಂಕಿಗಳು, ಅರ್ಕಾವತ್ತು, ಮಧ್ಯೆ ಬರುವ ಇಂಗ್ಲಿಷ್ ಪದಗಳು. ಫಾಂಟ್ ನೋಡದೆ ಬದಲಾಯಿಸುವ ಪರಿವರ್ತಕ ಇಂಗ್ಲಿಷ್ ಪದವನ್ನೂ ಕನ್ನಡ ಮಾಡಿ ಕಲಸುತ್ತದೆ. ಮೂಲ ಫೈಲ್ ಅಳಿಸಬೇಡಿ.

ಪ್ರಿಂಟ್ ಮಾತ್ರ ಉಳಿದಿದ್ದರೆ ಫೋಟೋ ತೆಗೆದು ಡ್ರೈವಿಗೆ ಹಾಕಿ, ಕಂಪ್ಯೂಟರಿನ ಬ್ರೌಸರಿನಲ್ಲಿ ಗೂಗಲ್ ಡಾಕ್ಸ್ ಮೂಲಕ ತೆರೆಯಿರಿ. ಕನ್ನಡ ಅಚ್ಚನ್ನು ಓದಿ ಪಠ್ಯ ಮಾಡಿಕೊಡುತ್ತದೆ. ತಪ್ಪು ಇರುತ್ತದೆ, ಆದರೂ ಮತ್ತೆ ಟೈಪ್ ಮಾಡುವುದು ತಪ್ಪುತ್ತದೆ.

ಹುಬ್ಬಳ್ಳಿ_ಲೆಕ್ಕ
ಸರ್, ಮಕ್ಕಳ ಆಧಾರ್ ಫೋಟೋ, ಅಂಕಪಟ್ಟಿ ಆ ಫೋಲ್ಡರಿನಲ್ಲಿ ಹಾಕಬೇಡಿ. ನಿಮ್ಮದೇ ಆಧಾರ್, ಡಿಎಲ್, ಅಂಕಪಟ್ಟಿಗೆ ಡಿಜಿಲಾಕರ್ ಇದೆ, ಬೇಕಾದಾಗ ಇಲಾಖೆಯ ಕಡೆಯಿಂದಲೇ ಬರುತ್ತದೆ, ಫೋಟೋ ಇಟ್ಟುಕೊಳ್ಳುವ ಗೋಜೇ ಇಲ್ಲ. ಕ್ಲೌಡಿನಲ್ಲಿ ಇಡಲೇಬೇಕಾದ ಗುಟ್ಟಿನ ಕಾಗದ ಇದ್ದರೆ ಕ್ರಿಪ್ಟೊಮೇಟರ್ ಅಂತ ಇದೆ, ಬೀಗ ಹಾಕಿ ಕಳಿಸುತ್ತದೆ. ಅದರ ಪಾಸ್‌ವರ್ಡ್ ಮರೆತರೆ ಮಾತ್ರ ಯಾರೂ ತೆರೆದುಕೊಡುವುದಿಲ್ಲ, ಮೊದಲೇ ಹೇಳಿದ್ದೇನೆ.

ಘಟ್ಟದ_ಮೇಷ್ಟ್ರು
ಒಂದೇ ಒಂದು ಉಳಿದಿದೆ. ಬಸ್ಸಿನಲ್ಲಿ ನೆಟ್ ಇಲ್ಲದಾಗ ಫೋನಿನಲ್ಲಿ ಒಂದು ನೋಟು ತಿದ್ದಿದೆ, ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಅದೇ ನೋಟಿಗೆ ಬೇರೆ ಸೇರಿಸಿದೆ. ಈಗ ಎರಡು ಪ್ರತಿ ಆಗಿವೆ. ಇದು ಯಾವಾಗಲೂ ಹೀಗೇನಾ?

ಕೀಬೋರ್ಡ್_ಕಿಟ್ಟಿ
ಹೀಗೇ. ಎರಡು ಕಡೆ ತಿದ್ದಿದಾಗ ಯಾವುದು ಸರಿ ಅಂತ ಆ್ಯಪಿಗೆ ಗೊತ್ತಿಲ್ಲ, ಎರಡನ್ನೂ ಇಡುವುದೇ ಮರ್ಯಾದೆ. ಕೆಲವು ಸುಮ್ಮನೆ ಹಳೆಯದರ ಮೇಲೆ ಹೊಸದನ್ನು ಬರೆದುಬಿಡುತ್ತವೆ, ಅದು ನಿಜವಾದ ಅಪಾಯ. ಫೋಲ್ಡರ್‌ಸಿಂಕಿನಲ್ಲಿ ಘರ್ಷಣೆ ಆದರೆ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ಇದೆ, ಅದನ್ನು ನೋಡಿಕೊಳ್ಳಿ. ಸಾದಾ ಪಠ್ಯವಾದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಸೇರಿಸಬಹುದು, ವರ್ಡ್ ಫೈಲಾದರೆ ತಲೆನೋವು. ನಾನು ಮಾಡುವುದು ಇಷ್ಟೇ. ದೊಡ್ಡ ನೋಟನ್ನು ಹೊರಗಡೆ ತಿದ್ದುವುದಿಲ್ಲ, ಹೊರಗೆ ಹೊಳೆದಿದ್ದನ್ನು ಆ ದಿನದ ತಾರೀಕಿನ ಹೊಸ ನೋಟಿಗೆ ಬರೆದು ಮನೆಯಲ್ಲಿ ಸೇರಿಸುತ್ತೇನೆ.

ಘಟ್ಟದ_ಮೇಷ್ಟ್ರು
ಸರಿ, ಹಾಗೇ ಮಾಡುತ್ತೇನೆ. ಎಲ್ಲರಿಗೂ ಧನ್ಯವಾದ. ವಾಟ್ಸಾಪಿನಲ್ಲಿ ನನಗೆ ನಾನೇ ಕಳಿಸುವುದು ನಿಲ್ಲಿಸಿದ್ದೇನೆ. ನುಡಿ ಫೈಲುಗಳನ್ನು ದಸರಾ ರಜೆಯಲ್ಲಿ ಕೂತು ಬದಲಾಯಿಸುತ್ತೇನೆ.

ಹುಬ್ಬಳ್ಳಿ_ಲೆಕ್ಕ
ಎಲ್ಲ ಬರೆದಿರಿ, ಹಾರ್ಡ್‌ಡಿಸ್ಕ್ ವಿಷಯ ಬರೆಯಲಿಲ್ಲ. ತಗೊಂಡ್ರೋ ಇಲ್ಲವೋ?

ಘಟ್ಟದ_ಮೇಷ್ಟ್ರು
ಈ ಭಾನುವಾರ ಶಿರಸಿ ಪೇಟೆಗೆ ಹೋಗುತ್ತೇನೆ ಮೇಡಂ.

ಚಿಲ್ಲರೆ_ಪ್ರಶ್ನೆ
ಮೇಷ್ಟ್ರೇ, ಎರಡು ತಗೊಳ್ಳಿ. ನನಗೂ ಒಂದು ಬೇಕು, ರಸೀದಿ ಇಟ್ಟುಕೊಳ್ಳಿ.